ಅಮೆರಿಕದ ಆ ಊರಲ್ಲಿ ಮನೆಗೊಂದು ಬಂದೂಕು ಕಡ್ಡಾಯವಂತೆ, ಹೌದಾ?

‘ಅಮೆರಿಕದಲ್ಲೊಂದು ಊರಿದೆ. ಅಲ್ಲಿ ಪ್ರತಿ ಮನೆಯಲ್ಲೂ ಬಂದೂಕು ಇರಲೇಬೇಕು ಅಂತ ಕಾನೂನಿದೆ. ಹಾಗಾಗಿ ಅಲ್ಲಿ ಕಳ್ಳತನವೇ ಇಲ್ಲ.’ ಇಂಥ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಜೊತೆಗೆ ಇನ್ನೊಂದು ಸಲಹೆಯೂ ಬರುತ್ತದೆ: ‘ದೊಡ್ಡ ಸಿಟಿಯೊಳಗೆ ಬೇಡ, ಹೊರಗೆ ಇಂಥ ಊರಲ್ಲೇ ಮನೆ ಮಾಡಲಿ.’ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ. ಬಂದೂಕು ಇಟ್ಟುಕೊಳ್ಳುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಲ್ಲಿ ಹೋಗುವುದಿಲ್ಲ. ಬಂದೂಕು ಇರುವವರು, ಅಥವಾ ಕೊಳ್ಳಬೇಕೆಂದಿರುವವರು, ದೊಡ್ಡ ನಗರದ ಸುತ್ತ ಮನೆ ಹುಡುಕುವಾಗ ನಿಜವಾಗಿ ಎದುರಾಗುವ ಸಂಗತಿಗಳಷ್ಟೇ ಇಲ್ಲಿವೆ.

ಕಾನೂನು ಇರುವುದು ನಿಜ, ಆದರೆ...

ಆ ಊರಿನ ಹೆಸರು ಕೆನೆಸಾ. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ಪ್ರತಿ ಮನೆಯ ಯಜಮಾನ ಬಂದೂಕು ಮತ್ತು ಗುಂಡು ಇಟ್ಟುಕೊಳ್ಳಬೇಕು ಎಂದು 1982ರ ಮಾರ್ಚ್‌ನಲ್ಲಿ ಅಲ್ಲಿನ ನಗರಸಭೆ ನಿಯಮ ಮಾಡಿತು. ಇದಕ್ಕೆ ಕಾರಣ ಕಳ್ಳರ ಕಾಟವಲ್ಲ. 1981ರಲ್ಲಿ ಚಿಕಾಗೋ ಪಕ್ಕದ ಮಾರ್ಟನ್ ಗ್ರೋವ್ ಎಂಬ ಊರು ಪಿಸ್ತೂಲುಗಳನ್ನು ನಿಷೇಧಿಸಿತ್ತು. ಅದಕ್ಕೆ ಎದುರಾಗಿ ಕೆನೆಸಾ ಕೊಟ್ಟ ರಾಜಕೀಯ ಉತ್ತರ ಇದು. ನಿಯಮದಲ್ಲೇ ವಿನಾಯಿತಿಗಳೂ ಇದ್ದವು. ಅಂಗವಿಕಲರಿಗೆ, ಕೊಳ್ಳಲು ಹಣವಿಲ್ಲದವರಿಗೆ, ಅಪರಾಧಿಯೆಂದು ಶಿಕ್ಷೆಯಾದವರಿಗೆ ಅನ್ವಯವಿಲ್ಲ. ಧರ್ಮದ ಅಥವಾ ಮನಸ್ಸಾಕ್ಷಿಯ ಕಾರಣಕ್ಕೆ ಬೇಡ ಎನ್ನುವವರಿಗೂ ಇಲ್ಲ. ಅಂದರೆ ಬೇಡ ಎಂದವರು ಇಟ್ಟುಕೊಳ್ಳಬೇಕಿಲ್ಲ! ಮನೆಮನೆಗೆ ಹೋಗಿ ಬಂದೂಕು ಇದೆಯೇ ಎಂದು ಯಾರೂ ತಪಾಸಣೆ ಮಾಡುವುದೂ ಇಲ್ಲ.

ಕಳ್ಳತನ ಇಳಿಯಿತೇ? ನಿಯಮ ಬಂದ ಮೊದಲ 7 ತಿಂಗಳಲ್ಲಿ ಮನೆಗಳ್ಳತನ 89% ಇಳಿಯಿತು ಎಂಬ ಲೆಕ್ಕವನ್ನು ಅಪರಾಧಶಾಸ್ತ್ರಜ್ಞ ಗ್ಯಾರಿ ಕ್ಲೆಕ್ ಮುಂದಿಟ್ಟರು. ಫಾರ್ವರ್ಡ್‌ಗಳಲ್ಲಿ ಓಡಾಡುವುದು ಈ ಅಂಕಿಯೇ. ಆದರೆ ಆಗ ಊರಿನ ಜನಸಂಖ್ಯೆ ಸುಮಾರು 5,000 ಮಾತ್ರ. ಅಷ್ಟು ಚಿಕ್ಕ ಊರಲ್ಲಿ ಒಬ್ಬಿಬ್ಬರು ಕಳ್ಳರು ಸಿಕ್ಕಿಬಿದ್ದರೂ ಶೇಕಡಾವಾರು ಧಡಾರನೆ ಇಳಿಯುತ್ತದೆ. ನಮ್ಮ ಹಳ್ಳಿಯಲ್ಲಿ ಕಳೆದ ವರ್ಷ 4 ಬೈಕ್ ಕಳುವಾಗಿ ಈ ವರ್ಷ 1 ಕಳುವಾದರೆ ‘75% ಇಳಿಕೆ’ ಎಂದು ಬೋರ್ಡ್ ಹಾಕಬಹುದಲ್ಲವೇ? ಕಳ್ಳತನ ವಿಪರೀತ ಹೆಚ್ಚಿದ ವರ್ಷವನ್ನೇ ಹೋಲಿಕೆಗೆ ಹಿಡಿದರೆ ಮುಂದಿನ ವರ್ಷ ಏನೂ ಮಾಡದಿದ್ದರೂ ಇಳಿದಂತೆ ಕಾಣುತ್ತದೆ. ಹಲವು ವರ್ಷಗಳ ಅಂಕಿಗಳನ್ನು ಒಟ್ಟಿಗಿಟ್ಟು 1989ರಲ್ಲಿ ಬೇರೆ ಸಂಶೋಧಕರು ಮತ್ತೆ ಲೆಕ್ಕ ಹಾಕಿದಾಗ, ನಿಯಮದಿಂದ ಮನೆಗಳ್ಳತನ ಇಳಿದದ್ದಕ್ಕೆ ನಂಬಬಹುದಾದ ಪುರಾವೆ ಸಿಗಲಿಲ್ಲ.

ಕೆನೆಸಾ ಇಂದು 33,000 ಜನರ ನೆಮ್ಮದಿಯ ಉಪನಗರ. ಆದರೆ ಬಂದೂಕು ಕಡ್ಡಾಯ ಮಾಡದೆಯೂ ನೆಮ್ಮದಿಯಿಂದಿರುವ ಉಪನಗರಗಳು ಅಮೆರಿಕದ ತುಂಬ ಇವೆ. ಜನರ ಆದಾಯ, ಕೆಲಸ, ಶಾಲೆ ಇವೆಲ್ಲ ಸೇರಿ ಊರಿನ ಗುಣ ರೂಪುಗೊಳ್ಳುತ್ತದೆ.

ಇದರ ತಿರುಗುಮುರುಗು ಫಾರ್ವರ್ಡ್ ಕೂಡ ಇದೆ: ‘ಚಿಕಾಗೋದಲ್ಲಿ ಕಾನೂನು ಬಿಗಿ, ಆದರೂ ಕೊಲೆ ಅಲ್ಲೇ ಜಾಸ್ತಿ.’ ಒಟ್ಟು ಸಂಖ್ಯೆ ದೊಡ್ಡದು, ಏಕೆಂದರೆ ಊರು ದೊಡ್ಡದು. ಜನಸಂಖ್ಯೆಗೆ ಹೋಲಿಸಿದರೆ ಸೇಂಟ್ ಲೂಯಿಸ್, ನ್ಯೂ ಆರ್ಲಿಯನ್ಸ್‌ನಂಥ ನಗರಗಳಲ್ಲಿ ಹಲವು ವರ್ಷ ಕೊಲೆ ಪ್ರಮಾಣ ಚಿಕಾಗೋಗಿಂತ ಹೆಚ್ಚಿತ್ತು. ಇನ್ನೊಂದು ವಿಷಯ, ಚಿಕಾಗೋ ನಗರಾಡಳಿತದ 2017ರ ವರದಿಯ ಪ್ರಕಾರ ಅಪರಾಧಗಳಲ್ಲಿ ಸಿಕ್ಕಿ ಮೂಲ ಪತ್ತೆಯಾದ ಬಂದೂಕುಗಳಲ್ಲಿ ಸುಮಾರು 60% ಬೇರೆ ರಾಜ್ಯಗಳಿಂದ ಬಂದವು. ಪಕ್ಕದ ಇಂಡಿಯಾನಾ ಒಂದರಿಂದಲೇ ಸುಮಾರು 21%.

ನದಿ ದಾಟಿದರೆ ಕಾನೂನೇ ಬೇರೆ

ಮನೆ ಹುಡುಕುವವರಿಗೆ ನಿಜವಾದ ತಲೆನೋವು ಇಲ್ಲಿದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಲೈಸೆನ್ಸ್ ಇಲ್ಲದೆ ಬಂದೂಕು ಇಲ್ಲ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗಿರುವ ವಿನಾಯಿತಿ ಅಪರೂಪದ್ದು, ಅದನ್ನೂ 2019ರಲ್ಲಿ 2029ರವರೆಗೆ ವಿಸ್ತರಿಸಲಾಯಿತು. ಅಮೆರಿಕದಲ್ಲಿ ಹಾಗಲ್ಲ. ಬಂದೂಕು ಹೊಂದುವ ಹಕ್ಕು 1791ರಿಂದ ಸಂವಿಧಾನದಲ್ಲಿದೆ, ಆದರೆ ಅದನ್ನು ಹೇಗೆ, ಎಲ್ಲಿ ಎಂಬ ನಿಯಮಗಳು ರಾಜ್ಯಕ್ಕೊಂದು.

ಕನ್ನಡಿಗರು ಬಹಳಷ್ಟಿರುವ ನ್ಯೂಯಾರ್ಕ್ ಸುತ್ತಲನ್ನೇ ನೋಡಿ. ಒಂದೇ ನಗರಕ್ಕೆ ಕೆಲಸಕ್ಕೆ ಹೋಗುವವರು ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್, ಪೆನ್ಸಿಲ್ವೇನಿಯಾ ಹೀಗೆ ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿದ್ದಾರೆ. ನ್ಯೂಯಾರ್ಕ್‌ನಲ್ಲಿ ಪಿಸ್ತೂಲನ್ನು ಮನೆಯಲ್ಲಿಡಲೂ ಲೈಸೆನ್ಸ್ ಬೇಕು. ರಾಜ್ಯದ ಬೇರೆ ಕಡೆ ಕೊಟ್ಟ ಲೈಸೆನ್ಸ್ ಸಾಮಾನ್ಯವಾಗಿ ನ್ಯೂಯಾರ್ಕ್ ನಗರದೊಳಗೆ ನಡೆಯುವುದಿಲ್ಲ. ಲಾಂಗ್ ಐಲೆಂಡ್‌ನ ನಾಸೌ ಕೌಂಟಿಯ ಮನೆಯಿಂದ ರಸ್ತೆ ದಾಟಿ ಕ್ವೀನ್ಸ್‌ಗೆ ಕಾಲಿಟ್ಟರೆ ಬೇರೆಯೇ ನಿಯಮ. ನಗರದಲ್ಲಿ ರೈಫಲ್‌ಗೂ ಪೊಲೀಸರಿಂದ ಪ್ರತ್ಯೇಕ ಅನುಮತಿ ಬೇಕು. ನ್ಯೂಜೆರ್ಸಿಯಲ್ಲಿ ಕೊಳ್ಳಲು ಗುರುತಿನ ಕಾರ್ಡ್ ಬೇಕು, ಅದರ ಮೇಲೆ ಪ್ರತಿ ಪಿಸ್ತೂಲಿಗೂ ಬೇರೆ ಪರ್ಮಿಟ್. 2018ರ ಕಾನೂನಿನಂತೆ ಮ್ಯಾಗಝಿನ್‌ನಲ್ಲಿ 10ಕ್ಕಿಂತ ಹೆಚ್ಚು ಗುಂಡು ಹಿಡಿಯುವಂತಿಲ್ಲ. ಹೊಸದಾಗಿ ಆ ರಾಜ್ಯಕ್ಕೆ ವಾಸಕ್ಕೆ ಬಂದವರು 60 ದಿನಗಳೊಳಗೆ ಕಾರ್ಡ್ ಪಡೆದು ಪಿಸ್ತೂಲು ನೋಂದಾಯಿಸಬೇಕು ಎಂಬ ನಿಯಮ 2022ರಲ್ಲಿ ಬಂತು. ಡೆಲವೇರ್ ನದಿಯ ಆಚೆಯ ಪೆನ್ಸಿಲ್ವೇನಿಯಾದಲ್ಲಿ ಇದ್ಯಾವುದೂ ಇಲ್ಲ.

ಹಾಗಾದರೆ ಪೆನ್ಸಿಲ್ವೇನಿಯಾದಲ್ಲಿ ಮನೆ ಮಾಡಿದರೆ ಮುಗಿಯಿತೇ? ಇಲ್ಲ. ದಿನವೂ ಕೆಲಸಕ್ಕೆ ಹೋಗುವುದು ನದಿಯ ಈಚೆಗೆ. ಒಂದು ರಾಜ್ಯದ ಪರ್ಮಿಟ್ಟನ್ನು ಇನ್ನೊಂದು ರಾಜ್ಯ ಒಪ್ಪಲೇಬೇಕೆಂದಿಲ್ಲ. ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ನಡೆಯುತ್ತದಲ್ಲ, ಇದೂ ಹಾಗೇ ಎಂದುಕೊಂಡು ಸಿಕ್ಕಿಬಿದ್ದವರಿದ್ದಾರೆ. 2013ರಲ್ಲಿ ಫಿಲಡೆಲ್ಫಿಯಾದ ಇಬ್ಬರು ಮಕ್ಕಳ ತಾಯಿಯೊಬ್ಬರನ್ನು ನ್ಯೂಜೆರ್ಸಿಯಲ್ಲಿ ಪೊಲೀಸರು ಸಾಮಾನ್ಯ ಟ್ರಾಫಿಕ್ ತಪಾಸಣೆಗೆ ನಿಲ್ಲಿಸಿದರು. ತಮ್ಮ ಬಳಿ ಪಿಸ್ತೂಲಿದೆ, ಪೆನ್ಸಿಲ್ವೇನಿಯಾದ ಪರ್ಮಿಟ್ ಇದೆ ಎಂದು ಆಕೆಯೇ ಹೇಳಿದರು. ಅಲ್ಲೇ ಬಂಧನವಾಯಿತು. ಕನಿಷ್ಠ 3 ವರ್ಷಕ್ಕೂ ಹೆಚ್ಚಿನ ಜೈಲುಶಿಕ್ಷೆಯ ಭಯದಲ್ಲಿ ತಿಂಗಳುಗಟ್ಟಲೆ ಕಳೆದ ಆಕೆಗೆ ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ನೀಡಿದರು.

ದಾರಿಯಲ್ಲಿ ಸಾಗುವವರಿಗೆ ರಕ್ಷಣೆ ಕೊಡುವ 1986ರ ಫೆಡರಲ್ ಕಾನೂನೊಂದಿದೆ. ಹೊರಡುವ ಜಾಗದಲ್ಲೂ ತಲುಪುವ ಜಾಗದಲ್ಲೂ ಬಂದೂಕು ಕಾನೂನುಬದ್ಧವಾಗಿರಬೇಕು, ಗುಂಡು ತೆಗೆದಿರಬೇಕು, ಕೈಗೆಟಕದಂತೆ ಡಿಕ್ಕಿಯಲ್ಲಿರಬೇಕು. ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಡ್ಯಾಶ್‌ಬೋರ್ಡ್ ಖಾನೆ ಲೆಕ್ಕಕ್ಕಿಲ್ಲ. ಆದರೆ ಮಧ್ಯದಲ್ಲಿ ತಂಗಿದರೆ ಈ ರಕ್ಷಣೆ ಸಡಿಲವಾಗುತ್ತದೆ. 2005ರಲ್ಲಿ ಯೂಟಾದ ಪ್ರಯಾಣಿಕರೊಬ್ಬರಿಗೆ ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿ, ಲಗೇಜಿನೊಂದಿಗೆ ಹೋಟೆಲಿನಲ್ಲಿ ಒಂದು ರಾತ್ರಿ ಕಳೆಯಬೇಕಾಯಿತು. ಮರುದಿನ ಲಗೇಜಿನಲ್ಲಿ ಬಂದೂಕಿದೆ ಎಂದು ನಿಯಮದಂತೆ ಹೇಳಿದ್ದಕ್ಕೇ ಬಂಧನವಾಯಿತು. ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಅವರ ಪರ ನಿಲ್ಲಲಿಲ್ಲ. ಆ ರಾತ್ರಿ ಬಂದೂಕು ಅವರ ಕೈಗೆಟಕುವಂತಿತ್ತು ಎಂಬುದೇ ಕಾರಣ.

2022ರಲ್ಲಿ ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ ನ್ಯೂಯಾರ್ಕ್‌ನ ಹಳೆಯ ಕಟ್ಟುಪಾಡನ್ನು ರದ್ದು ಮಾಡಿದ ಮೇಲೆ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತಿವೆ. ಈ ಲೇಖನವನ್ನೂ ಸೇರಿಸಿ ಯಾವುದೇ ಹಳೆಯ ಬರಹವನ್ನು ನಂಬಿ ಗಾಡಿಯಲ್ಲಿ ಬಂದೂಕು ಇಟ್ಟುಕೊಂಡು ಹೊರಡಬೇಡಿ, ಆಯಾ ರಾಜ್ಯದ ಪೊಲೀಸ್ ವೆಬ್‌ಸೈಟ್ ನೋಡಿ. ಬಾಡಿಗೆ ಮನೆಯಾದರೆ ಕರಾರುಪತ್ರವನ್ನೂ ಪೂರ್ತಿ ಓದಬೇಕು. ಬಂದೂಕು ಇಡಬಾರದೆಂಬ ಷರತ್ತು ಅದರಲ್ಲಿರಬಹುದು.

ಅಪಾಯ ಹೊರಗಿನಿಂದಲೇ ಬರುತ್ತದೆಯೇ?

ಸುರಕ್ಷಿತ ಬಡಾವಣೆ ಹುಡುಕುವವರ ಮನಸ್ಸಿನಲ್ಲಿರುವುದು ಕಳ್ಳ. ಅಂಕಿಗಳು ಬೇರೆ ಹೇಳುತ್ತವೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು ಸುಮಾರು 48,800. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕ್ಯಾಲಿಫೋರ್ನಿಯಾದಲ್ಲಿ ಲಕ್ಷಾಂತರ ಜನರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಪಿಸ್ತೂಲು ಇರುವವರ ಜೊತೆ ವಾಸಿಸುವವರು ಕೊಲೆಯಾಗುವ ಪ್ರಮಾಣ, ಅದೇ ಪ್ರದೇಶದ ಪಿಸ್ತೂಲಿಲ್ಲದ ಮನೆಗಳವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಮನೆಯಲ್ಲೇ ಗಂಡ, ಹೆಂಡತಿ ಅಥವಾ ಸಂಗಾತಿಯ ಗುಂಡಿಗೆ ಬಲಿಯಾಗುವುದು ಸುಮಾರು 7 ಪಟ್ಟು. ಹಾಗೆ ಸತ್ತವರಲ್ಲಿ ಬಹುಪಾಲು ಹೆಂಗಸರು. ಬಂದೂಕೇ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ ನಿಜ. ಆದರೆ ‘ಬಂದೂಕು ಇದ್ದರೆ ಮನೆಯವರೆಲ್ಲ ಸೇಫ್’ ಎಂಬ ಮಾತಿಗೆ ಇದರಲ್ಲಿ ಬೆಂಬಲವೂ ಇಲ್ಲ.

ಬಂದೂಕು, ಗುಂಡು ಎರಡನ್ನೂ ಬೇರೆಬೇರೆ ಬೀಗದಲ್ಲಿಟ್ಟ ಮನೆಗಳಲ್ಲಿ ಮಕ್ಕಳ ಮತ್ತು ಹದಿಹರೆಯದವರ ಸಾವು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ನಮ್ಮ ಅಭಿಪ್ರಾಯದಲ್ಲಿ ಊರು ಯಾವುದು ಎನ್ನುವುದಕ್ಕಿಂತ ಈ ಬೀಗ ದೊಡ್ಡ ವಿಷಯ.

ವೀಸಾದಲ್ಲಿ ಇರುವವರಿಗೆ

ನಮ್ಮವರು ಎಚ್ಚರದಿಂದ ಓದಬೇಕಾದ ಭಾಗ ಇದು. ಎಚ್-1ಬಿ, ವಿದ್ಯಾರ್ಥಿ ವೀಸಾ ಇವೆಲ್ಲ ವಲಸೆಯೇತರ ವೀಸಾಗಳು. ಇವುಗಳ ಮೇಲೆ ಇರುವವರು ಬಂದೂಕು ಅಥವಾ ಗುಂಡು ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವ ರಾಜ್ಯದಲ್ಲಿ ಮನೆ ಮಾಡಿದರೂ ಅಷ್ಟೇ, ಕೆನೆಸಾದಲ್ಲೂ ಅಷ್ಟೇ. ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. 2022ರಿಂದ ಶಿಕ್ಷೆ ಗರಿಷ್ಠ 15 ವರ್ಷ ಜೈಲು. ವಾರಾಂತ್ಯದಲ್ಲಿ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಬಂದೂಕು ಹಿಡಿದು ಫೋಟೋ ಹಾಕುವುದೂ, ವಿನಾಯಿತಿ ಇಲ್ಲದಿದ್ದರೆ, ಇದೇ ನಿಷೇಧದೊಳಗೆ ಬರುತ್ತದೆ. ಫೋಟೋ ಹಾಕಿದವರೇ ಸಾಕ್ಷಿ ಒದಗಿಸಿದಂತೆ.

ಸ್ವಂತಕ್ಕೆ ಬಂದೂಕು ಬೇಡವೆನ್ನುವ ಅಪ್ಪ ಅಮ್ಮಂದಿರೂ ಉಪನಗರಕ್ಕೆ ಹೋದ ಮೇಲೆ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಮಗುವನ್ನು ಪಕ್ಕದ ಮನೆಗೆ ಆಟಕ್ಕೆ ಕಳಿಸುವ ಮೊದಲು ‘ನಾಯಿ ಇದೆಯಾ, ಈಜುಕೊಳ ಇದೆಯಾ’ ಎಂದು ವಿಚಾರಿಸುವ ಹಾಗೆಯೇ, ‘ಮನೆಯಲ್ಲಿ ಬಂದೂಕು ಇದೆಯಾ, ಬೀಗದಲ್ಲಿ ಇಟ್ಟಿದ್ದೀರಾ’ ಎಂದೂ ವಿಚಾರಿಸಿ ಎನ್ನುತ್ತಾರೆ ಅಲ್ಲಿನ ಮಕ್ಕಳ ವೈದ್ಯರು. ನಮ್ಮವರಿಗೆ ಹಾಗೆ ಕೇಳಲು ಸಂಕೋಚ. ಅಲ್ಲಿ ಅದನ್ನು ಯಾರೂ ಅವಮಾನವೆಂದು ತಿಳಿಯಬೇಕಿಲ್ಲ, ಫೋನಿನಲ್ಲಿ ಮೆಸೇಜ್ ಮಾಡಿ ಕೇಳಿದರೂ ಸಾಕು.