ಕ್ಯಾನ್ಸರ್ ಕೋಶ ಹಿಡಿಯಲು ಸಕ್ಕರೆಯ ನೆರವು

ಕಬ್ಬು ನುರಿಸುವ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯೊಳಗೆ ಹೋಗಿ ಬಂದ ವಿದ್ಯಾರ್ಥಿಗಳು ಸೆಂಟ್ರಿಫ್ಯೂಗಲ್ ಯಂತ್ರವನ್ನು ನೋಡಿರುತ್ತಾರೆ. ಹರಳುಗಟ್ಟಿದ ಪಾಕವನ್ನು ಅದು ರಭಸದಿಂದ ತಿರುಗಿಸುತ್ತದೆ. ಕಾಕಂಬಿ ಜಾಲರಿಯಾಚೆ ಸಿಡಿದು ಹೋಗುತ್ತದೆ, ಸಕ್ಕರೆ ಒಳಗೆ ಉಳಿಯುತ್ತದೆ. ಇದೇ ತತ್ತ್ವ, ಅದೂ ಸಕ್ಕರೆಯ ಜೊತೆಗೇ, ಕ್ಯಾನ್ಸರ್ ಪ್ರಯೋಗಾಲಯದಲ್ಲೂ ಬಳಕೆಯಲ್ಲಿದೆ.

ಗಡ್ಡೆಯಿಂದ ಕಳಚಿದ ಕೆಲವು ಜೀವಕೋಶಗಳು ರಕ್ತಕ್ಕೆ ಸೇರಿ ಮೈಯೆಲ್ಲ ಅಲೆಯುತ್ತವೆ. ಎಲುಬಿನಲ್ಲೋ ಯಕೃತ್ತಿನಲ್ಲೋ ಬೇರೂರಿದರೆ ಅಲ್ಲೊಂದು ಹೊಸ ಗಡ್ಡೆ. ಆಸ್ಟ್ರೇಲಿಯದ ವೈದ್ಯ ಥಾಮಸ್ ಆಶ್‌ವರ್ತ್ 1869ರಲ್ಲೇ ಮೃತ ರೋಗಿಯೊಬ್ಬನ ರಕ್ತದಲ್ಲಿ ಇಂಥ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ. ಆದರೆ ಹಿಡಿಯುವುದು ಸುಲಭವಲ್ಲ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳು, ಹತ್ತಾರು ಲಕ್ಷ ಬಿಳಿ ಕಣಗಳು. ಅವುಗಳ ನಡುವೆ ಕ್ಯಾನ್ಸರ್ ಕೋಶಗಳು ಸಿಕ್ಕರೆ ಬೆರಳೆಣಿಕೆಯಷ್ಟು.

ಫೈಕಾಲ್ ಎಂಬ ಪದಾರ್ಥ ಸಕ್ಕರೆಯ ಅಣುಗಳನ್ನೇ ಹೆಣೆದು ಮಾಡಿದ್ದು. ಅದು ಬೆರೆತ ದ್ರಾವಣದ ಸಾಂದ್ರತೆಯನ್ನು 1.077ಕ್ಕೆ ಹೊಂದಿಸಿರುತ್ತಾರೆ, ನೀರಿನದು 1. ಇದರ ಮೇಲೆ ರಕ್ತವನ್ನು ಮೆಲ್ಲಗೆ ಪದರವಾಗಿ ಬಿಟ್ಟು ತಿರುಗಿಸಿದರೆ ಭಾರದ ಕೆಂಪು ಕಣಗಳು ತಳ ಸೇರುತ್ತವೆ. ಹಗುರಾದ ಬಿಳಿ ಕಣಗಳೂ ಕ್ಯಾನ್ಸರ್ ಕೋಶಗಳೂ ನಡುವೆ ಕೆನೆಯಂತೆ ನಿಲ್ಲುತ್ತವೆ. ಆ ಕೆನೆಯನ್ನು ಸ್ಲೈಡಿನ ಮೇಲೆ ಹರಡಿ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳಿಂದ ಗುರುತು ಹಚ್ಚುತ್ತಾರೆ: ಬಿಳಿ ಕಣಕ್ಕೆ ಒಂದು ಬಣ್ಣ, ಗಡ್ಡೆಯ ಕೋಶಕ್ಕೆ ಇನ್ನೊಂದು.

ಕೇಳಲು ಸರಳ. ಆದರೆ ಕೈ ಅಲುಗಿ ಪದರಗಳು ಬೆರೆತರೆ, ಯಂತ್ರವನ್ನು ಗಕ್ಕನೆ ನಿಲ್ಲಿಸಿದರೆ ಕೋಶ ಕೈತಪ್ಪುತ್ತದೆ. ಕೆಲವು ನಳಿಕೆಯ ಗೋಡೆಗೇ ಅಂಟಿಕೊಳ್ಳುತ್ತವೆ. ಅದಕ್ಕೆಂದೇ ಗೋಡೆಗೆ ಮೊದಲು ಪ್ರೋಟೀನ್ ಲೇಪಿಸುವುದುಂಟು. ಪ್ರತಿ ಸಲ ತೊಳೆದಾಗಲೂ ಒಂದಿಷ್ಟು ನಷ್ಟ.

ಈ ನಷ್ಟ ಸಣ್ಣದಲ್ಲ. ಹರಡಿದ ಸ್ತನ ಕ್ಯಾನ್ಸರಿನಲ್ಲಿ 7.5 ಮಿಲಿಲೀಟರ್ ರಕ್ತಕ್ಕೆ 5 ಅಥವಾ ಹೆಚ್ಚು ಕೋಶ ಕಂಡರೆ ರೋಗ ಬಿರುಸಾಗಿದೆ ಎಂದು ಭಾವಿಸುತ್ತಾರೆ. 6 ಇದ್ದಲ್ಲಿ ಎರಡು ತೊಳೆದುಹೋದರೆ ವರದಿ 4 ಎನ್ನುತ್ತದೆ! ಆದ್ದರಿಂದ ಹೊಸ ವಿಧಾನವೊಂದನ್ನು ಒಪ್ಪುವ ಮೊದಲು ಆರೋಗ್ಯವಂತರ ರಕ್ತಕ್ಕೆ ಎಣಿಸಿದ ಕ್ಯಾನ್ಸರ್ ಕೋಶಗಳನ್ನು ಬೆರೆಸಿ, ಎಷ್ಟು ಮರಳಿ ಸಿಕ್ಕವೆಂದು ಲೆಕ್ಕ ಹಾಕುತ್ತಾರೆ. ಅಕ್ಕಿಯಲ್ಲಿ ತಾನೇ ಹತ್ತು ಕಲ್ಲು ಹಾಕಿ ಆರಿಸಲು ಹೇಳುವ ಅಜ್ಜಿಯ ಪರೀಕ್ಷೆಯಂತೆ.

ಸುಧಾರಣೆಗಳೂ ಬಂದಿವೆ. 2004ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಸೆಲ್‌ಸರ್ಚ್ ವಿಧಾನದಲ್ಲಿ ಪ್ರತಿಕಾಯ ಹೊತ್ತ ಕಬ್ಬಿಣದ ಸೂಕ್ಷ್ಮ ಕಣಗಳು ಕ್ಯಾನ್ಸರ್ ಕೋಶಕ್ಕೆ ಅಂಟುತ್ತವೆ, ಅಯಸ್ಕಾಂತ ಅವನ್ನು ಸೆಳೆಯುತ್ತದೆ. ಆ ಪ್ರತಿಕಾಯ ಗುರುತಿಸುವ ಪ್ರೋಟೀನನ್ನೇ ಕಳೆದುಕೊಂಡ ಕೋಶಗಳು ಮಾತ್ರ ಬಲೆಗೆ ಬೀಳುವುದಿಲ್ಲ. ಆರೋಗ್ಯವಂತರ ಸಾಮಾನ್ಯ ತಪಾಸಣೆಗೆ ಇದು ಇನ್ನೂ ಬಂದಿಲ್ಲ ಎಂಬುದನ್ನು ತಂದೆತಾಯಂದಿರು ಗಮನಿಸಬೇಕು.

ಬಾಗಲಕೋಟೆ ಸೀಮೆಯವರಿಗೆ ಇನ್ನೊಂದು ತೊಡಕು ದೂರದ್ದು. ಸಾಮಾನ್ಯ ನಳಿಕೆಯ ರಕ್ತದಲ್ಲಿ ಈ ಕೋಶಗಳು ಕೆಲವೇ ತಾಸುಗಳಲ್ಲಿ ಕೆಡತೊಡಗುತ್ತವೆ. ಬೆಂಗಳೂರಿಗೋ ಇಡೀ ರಾತ್ರಿಯ ಬಸ್ ಪ್ರಯಾಣ. ಸೆಲ್‌ಸರ್ಚ್‌ಗೆಂದು ಮಾಡಿದ, ಸಂರಕ್ಷಕ ಬೆರೆಸಿದ ನಳಿಕೆಯಲ್ಲಿ ರಕ್ತವನ್ನು ಕೋಣೆಯ ಉಷ್ಣತೆಯಲ್ಲೇ 96 ತಾಸು ಇಡಬಹುದು. ಅದನ್ನು ಐಸ್ ಪೆಟ್ಟಿಗೆಯಲ್ಲಿ ಇಡಬಾರದು.