ರಸ್ತೆ ಮೇಲೇರಿತು, ಗೋಡೆ ನೆನೆಯಿತು

ಮಲೆನಾಡಿನ ಪೇಟೆಗಳಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಎರಡು ವ್ಯಾಪಾರ ಜೋರಾಗುತ್ತೆ. ಒಂದು ಬಣ್ಣದ್ದು, ಇನ್ನೊಂದು ಕೆಮ್ಮಿನ ಔಷಧಿಯದ್ದು. ಎರಡಕ್ಕೂ ಗೋಡೆಯ ತೇವವೇ ಗಿರಾಕಿ ತಂದುಕೊಡುತ್ತೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ನೆನೆದ ಗೋಡೆ ದಸರಾ ಹೊತ್ತಿಗೆ ಹಪ್ಪಳದ ಹಾಗೆ ಸಿಪ್ಪೆ ಬಿಡುತ್ತೆ. ಮನೆ ಯಜಮಾನ ಸಾಲ ಮಾಡಿ ದೀಪಾವಳಿಗೆ ಬಣ್ಣ ಹೊಡೆಸುತ್ತಾನೆ. ಮುಂದಿನ ಆಷಾಢಕ್ಕೆ ಮತ್ತೆ ಅದೇ ಜಾಗ, ಅದೇ ಗುಳ್ಳೆ, ಅದೇ ಬಿಳಿ ಉಪ್ಪು. ಅಂಗಡಿಯವನ ಪಾಡೂ ಅಷ್ಟೇ. ಗೋಡೆಗೊರಗಿಸಿದ ಅಕ್ಕಿ ಮೂಟೆಗೆ ಬೂಷ್ಟು, ಬೆಂಕಿಪೊಟ್ಟಣ ಗೀರಿದರೆ ಹತ್ತೋದಿಲ್ಲ. ಬಾಡಿಗೆದಾರನ ಕಥೆ ಇನ್ನೂ ಕಷ್ಟ. ಮನೆ ಬಿಡುವಾಗ ‘ಗೋಡೆ ಹಾಳ್ಮಾಡಿದ್ದೀರಿ’ ಅಂತ ಅಡ್ವಾನ್ಸಿನಲ್ಲಿ ಮುರಕೊಳ್ತಾರೆ. ಮಳೆ ಹೊಯ್ದದ್ದು ಮೇಲಿನಿಂದ, ದಂಡ ಕೆಳಗಿದ್ದವನಿಗೆ!

‘ಮಲೆನಾಡು ಅಂದ್ಮೇಲೆ ಇದೆಲ್ಲ ಇದ್ದದ್ದೇ ಬಿಡಿ’ ಅನ್ನೋ ಮಾತು ಅರ್ಧ ಮಾತ್ರ ನಿಜ. ಹಿಂದಿನವರೂ ಇದೇ ಮಳೆಯಲ್ಲಿ ಬದುಕಿದವರು. ಅವರು ಜಗಲಿ ಎತ್ತರಿಸಿ ಕಟ್ಟಿದರು, ಮಾಡನ್ನು ಗೋಡೆಯಿಂದಾಚೆ ಉದ್ದಕ್ಕೆ ಇಳಿಸಿದರು, ಇರಚಲು ಹೊಡೆಯುವ ಪಡುವಣ ಗೋಡೆಗೆ ಅಡಿಕೆ ಸೋಗೆ ತಟ್ಟಿ ಕಟ್ಟಿದರು. ಸುಣ್ಣದ ಗಾರೆ ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತಿತ್ತು. ಇವತ್ತು ಹಳೇ ಗೋಡೆಗೆ ಸಿಮೆಂಟ್ ಬಳಿದು, ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆದರೆ ಒಳಗಿನ ನೀರು ಹೋಗೋದೆಲ್ಲಿಗೆ? ಬಣ್ಣವನ್ನೇ ಒದ್ದು ಆಚೆ ಬರುತ್ತೆ.

ತೇವಕ್ಕೆ ನಾಲ್ಕು ದಾರಿ. ಮೇಲಿಂದ ಬಿರುಕು ಬಿಟ್ಟ ತಾರಸಿ, ಪಕ್ಕದಿಂದ ಇರಚಲು, ಒಳಗಿಂದ ಸೋರುವ ಪೈಪು, ಕೆಳಗಿಂದ ನೆಲದ ನೀರು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಇಟ್ಟಿಗೆ ನೆಲದ ನೀರನ್ನು ಮೇಲಕ್ಕೆಳೆಯುತ್ತೆ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ನೂರಕ್ಕೆ 20 ಭಾಗದವರೆಗೆ ನೀರು ಕುಡಿಯಬಹುದು ಅಂತ ಭಾರತೀಯ ಮಾನಕವೇ ಒಪ್ಪಿದೆ. ಈ ತೇವ ಹೆಚ್ಚಾಗಿ ಮೂರಡಿ ಎತ್ತರದೊಳಗೇ ನಿಲ್ಲುತ್ತೆ. ಕಲೆ ಗೋಡೆಯ ಬುಡದಲ್ಲಿದ್ದರೆ ತಾರಸಿ ರಿಪೇರಿಗೆ ದುಡ್ಡು ಸುರಿಯೋದು ದಂಡ.

ಈ ನಾಲ್ಕನೇ ದಾರಿಯನ್ನು ಅಗಲ ಮಾಡಿಕೊಟ್ಟದ್ದು ರಸ್ತೆ ಕಾಮಗಾರಿ. ಹಳೇ ಟಾರಿನ ಮೇಲೆ ಹೊಸ ಟಾರು ಹಾಕೋದು ಎಷ್ಟೋ ಊರುಗಳಲ್ಲಿ ರೂಢಿಯಾಗಿಬಿಟ್ಟಿದೆ. ಒಂದು ಪದರಕ್ಕೆ 40 ಮಿಲಿಮೀಟರ್ ಅಂತಿಟ್ಟುಕೊಂಡರೂ ಐದು ಸಲಕ್ಕೆ ಎಂಟು ಇಂಚು. ಅಜ್ಜನ ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಮೊಮ್ಮಗನ ಕಾಲದಲ್ಲಿ ಒಂದು ಮೆಟ್ಟಿಲು ಇಳಿದು ಹೋಗಬೇಕು. ಚರಂಡಿ ಕಟ್ಟಿಕೊಂಡರೆ ಕೇಳೋದೇ ಬೇಡ, ನಾಲ್ಕು ತಿಂಗಳು ನೀರು ಗೋಡೆಯ ಬುಡದಲ್ಲೇ ಬಿಡಾರ ಹೂಡುತ್ತೆ. ಯಾವ ಕಂಪನಿ ಬಣ್ಣ ಇದನ್ನು ತಡೆದೀತು?

ಇದಕ್ಕೆ ಮದ್ದಿಲ್ಲ ಅಂತಲ್ಲ. ಹಳೇ ಟಾರು ಕೆರೆದು ತೆಗೆಯುವ ಮಿಲ್ಲಿಂಗ್ ಯಂತ್ರ ಬಂದು ಕಾಲವಾಯಿತು. ಮನೆಗಳು ತಗ್ಗಿಗೆ ಬೀಳಬಾರದು, ಮೊದಲು ಕೆರೆದು ಆಮೇಲೆ ಟಾರು ಹಾಕಿ ಅಂತ ತಮಿಳುನಾಡು ಸರ್ಕಾರದ ಮುಖ್ಯ ಕಾರ್ಯದರ್ಶಿ 2021ರಲ್ಲೇ ಸೂಚನೆ ಕೊಟ್ಟಿದ್ದರು. ಅಲ್ಲಿ ಹೇಳಬಹುದಾದದ್ದನ್ನು ಇಲ್ಲಿ ಹೇಳೋಕೆ ಏನಡ್ಡಿ?

ಮನೆಯವರ ಕೆಲಸವೂ ಇದೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಲಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯದ್ದು. ಮುಂದೆ ಕಟ್ಟಿದರೆ ಕೋಣೆಯ ಹಬೆಯದ್ದು, ಕಿಟಕಿ ತೆಗೆದರೆ ಅರ್ಧ ವಾಸಿ. ಗೋಡೆಯದ್ದಾದರೆ ಮೊದಲು ನೀರಿನ ಮೂಲ ನಿಲ್ಲಿಸಬೇಕು, ಉಪ್ಪು ಹಿಡಿದ ಗಾರೆ ಕೆತ್ತಬೇಕು, ಬೇಸಿಗೆ ಪೂರ್ತಿ ಒಣಗಿಸಬೇಕು. ಬಣ್ಣ ಕಟ್ಟಕಡೆಗೆ. ಹೊಸ ಮನೆ ಕಟ್ಟುವವರು ಪಂಚಾಂಗದ ಮೇಲೆ ನೀರು ತಡೆಯುವ ಕಾಂಕ್ರೀಟ್ ಪದರವನ್ನು ತಪ್ಪಿಸಬಾರದು. ಅಲ್ಲಿ ಉಳಿಸಿದ ದುಡ್ಡು ಆಮೇಲೆ ಪ್ರತಿ ವರ್ಷ ಪೇಂಟ್ ಅಂಗಡಿಗೆ ಹೋಗುತ್ತೆ.

ತೇವ, ಬೂಷ್ಟು ಇರುವ ಮನೆಯಲ್ಲಿ ಕೆಮ್ಮು, ಉಬ್ಬಸ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಅಂದಮೇಲೆ ಇದು ಬರೀ ಗೋಡೆಯ ಅಂದಚೆಂದದ ಮಾತಲ್ಲ, ತೊಟ್ಟಿಲಲ್ಲಿ ಮಲಗಿದ ಕೂಸಿನ ಉಸಿರಿನ ಮಾತು.

ಟಾರು ಲಾರಿ ಬಾಗಿಲಿಗೆ ಬಂದ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಅಂದಾಜು ಪಟ್ಟಿ ತಯಾರಾಗುವಾಗಲೇ ಬೀದಿಯ ನಾಲ್ಕು ಅಂಗಡಿಯವರು ಒಟ್ಟಾಗಿ ವಾರ್ಡಿನ ಸದಸ್ಯರನ್ನು ಎರಡು ಪ್ರಶ್ನೆ ಕೇಳಲಿ: ಹಳೇ ಟಾರು ಕೆರೆಯೋ ಬಾಬ್ತು ಇದರಲ್ಲಿದೆಯಾ? ಚರಂಡಿ ಅಂಗಡಿಯ ಪಂಚಾಂಗಕ್ಕಿಂತ ಕೆಳಗಿರುತ್ತಾ? ಉತ್ತರವನ್ನು ಬಾಯಲ್ಲಿ ಅಲ್ಲ, ಕಾಗದದಲ್ಲಿ ಇಸಕೊಳ್ಳಲಿ.