ದಲ್ಲಾಳಿಯೇ ಗಿರಾಕಿಯಾದರೆ



ಕಾತ್ರಜದಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ಚಹದಂಗಡಿಗಳಿಗಿಂತ ಜಾಗದ ದಲ್ಲಾಳಿಗಳ ಬೋರ್ಡುಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. 2017ರಲ್ಲಿ ಆಂಬೇಗಾವದ ಎರಡೂ ಊರುಗಳು, 2021ರಲ್ಲಿ ಮಾಂಗಡೇವಾಡಿ, ಭಿಲಾರೇವಾಡಿ, ಜಾಂಭೂಳವಾಡಿಗಳು ಪುಣೆ ಮಹಾನಗರಪಾಲಿಕೆಗೆ ಸೇರಿದವು. 2024ರ ಆಗಸ್ಟಿನಲ್ಲಿ ಸ್ವಾರಗೇಟದಿಂದ ಕಾತ್ರಜದವರೆಗೆ ಸುಮಾರು ಐದೂವರೆ ಕಿಲೋಮೀಟರ್ ಭೂಗತ ಮೆಟ್ರೊಗೆ ಕೇಂದ್ರ ಮಂತ್ರಿಮಂಡಲದ ಒಪ್ಪಿಗೆ ಸಿಕ್ಕಿತು. ಇಂಥ ಸುದ್ದಿ ಮೊದಲು ಮುಟ್ಟುವುದು ದಲ್ಲಾಳಿಗೆ. ಕೊನೆಗೆ ಮುಟ್ಟುವುದು ನಸುಕಿನ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬುವ ನಮ್ಮವನಿಗೆ.

ನಮ್ಮ ಸಂಘದ ಹಳೆಯ ಸದಸ್ಯರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಕುಂದಾಪುರದ ಕಡೆಯವರು, ದೋಸೆ ಕಲ್ಲಿನ ಮುಂದೆ 28 ವರ್ಷ ನಿಂತವರು. ಭಿಶಿ ಎತ್ತಿ, ಮಾಲಿಕರ ಹತ್ತಿರ ಮುಂಗಡ ತೆಗೆದು, ಬೆಟ್ಟದ ಬುಡದಲ್ಲಿ ಒಂದು ಗುಂಟೆ ಜಾಗ ಕೊಂಡು ಎರಡು ತಗಡಿನ ಕೋಣೆ ಕಟ್ಟಿದ್ದರು. ಒಂದು ಗುಂಟೆ ಎಂದರೆ 1089 ಚದರ ಅಡಿ, ಅವರ ಜೀವಮಾನದ ಗಳಿಕೆ ಅಷ್ಟೇ. ಮೊಣಕಾಲು ಸೋತಿತು, ಮಾರಿ ಊರಿಗೆ ಹೋಗೋಣವೆಂದು ಒಬ್ಬ ದಲ್ಲಾಳಿಗೆ ಹೇಳಿದರು. ಆತ ಆರು ತಿಂಗಳು, “ಭಟ್ಟರೇ, ಗಿರಾಕಿಯೇ ಇಲ್ಲ, ದರ ಬಿದ್ದಿದೆ” ಎಂದು ತಿರುಗಿಸಿದ. ಏಳನೆಯ ತಿಂಗಳು ಒಬ್ಬ ಗಿರಾಕಿಯನ್ನು ತಂದ. 22 ಲಕ್ಷಕ್ಕೆ ಖರೀದಿ ಪತ್ರವಾಯಿತು. ಭಟ್ಟರ ಕೈಯಿಂದ ಶೇಕಡಾ 2 ದಲ್ಲಾಳಿಯನ್ನೂ ಎಣಿಸಿಕೊಂಡ. ನಾಲ್ಕು ತಿಂಗಳ ಮೇಲೆ ಅದೇ ಜಾಗ 31 ಲಕ್ಷಕ್ಕೆ ಹೋಯಿತು. ನೋಂದಣಿ ಕಚೇರಿಯ ಇಂಡೆಕ್ಸ್ ಟೂ ತೆಗೆಸಿ ನೋಡಿದಾಗ ಮೊದಲ ಗಿರಾಕಿ ಯಾರೆಂದು ತಿಳಿಯಿತು: ದಲ್ಲಾಳಿಯ ಹೆಂಡತಿಯ ತಮ್ಮ!

ಬಿಲ್ಲಿನಲ್ಲಿ ಎರಡು ಇಡ್ಲಿ ಬಿಟ್ಟ ಮಾಣಿಯನ್ನು ಅದೇ ಸಂಜೆ ಹೊರಗೆ ಹಾಕುವ ಲೋಕವಿದು. ಒಂಬತ್ತು ಲಕ್ಷ ಬಿಟ್ಟವನಿಗೆ ಬೋರ್ಡು, ಮೋಟಾರು, ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ.

“ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ” ಎನ್ನುವವರು ನಮ್ಮಲ್ಲೇ ಇದ್ದಾರೆ. ಅವರಿಗೆ 1872ರ ಕರಾರು ಕಾಯಿದೆಯನ್ನು ಓದಿ ಹೇಳುವ ಅವಶ್ಯಕತೆ ಇದೆ. ಅದರ 215ನೆಯ ಕಲಮಿನಲ್ಲಿ ಕೊಟ್ಟ ಉದಾಹರಣೆ ನಮ್ಮ ಭಟ್ಟರದೇ ಕತೆಯಂತಿದೆ. ಒಬ್ಬನು ತನ್ನ ಆಸ್ತಿ ಮಾರಿಕೊಡು ಎಂದು ಏಜಂಟನಿಗೆ ಹೇಳುತ್ತಾನೆ. ಏಜಂಟನು ಮೂರನೆಯವನ ಹೆಸರಿನಲ್ಲಿ ತಾನೇ ಕೊಳ್ಳುತ್ತಾನೆ. ಮುಖ್ಯವಾದ ಸಂಗತಿಯನ್ನು ಅಪ್ರಾಮಾಣಿಕವಾಗಿ ಮುಚ್ಚಿಟ್ಟಿದ್ದಾನೆ, ಇಲ್ಲವೆ ವ್ಯವಹಾರದಿಂದ ತನಗೆ ನಷ್ಟವಾಗಿದೆ ಎಂದು ತೋರಿಸಿದರೆ ಮಾಲಿಕನು ಆ ಮಾರಾಟವನ್ನೇ ನಿರಾಕರಿಸಬಹುದು. ಕೊಳ್ಳುವವರಿಗೂ ಆಧಾರವಿದೆ. ಈ ಮನೆ ಕೊಡಿಸು ಎಂದರೆ “ಅದು ಸಿಗುವುದಿಲ್ಲ” ಎಂದು ಹೇಳಿ ಏಜಂಟನು ತಾನೇ ಕೊಂಡುಬಿಟ್ಟರೆ, ಅವನು ಕೊಟ್ಟ ಬೆಲೆಗೇ ನಮಗೆ ಮಾರುವಂತೆ ಒತ್ತಾಯಿಸಬಹುದೆಂದು 216ನೆಯ ಕಲಮು ಹೇಳುತ್ತದೆ. ಕೆಲಸದಲ್ಲಿ ದುರ್ನಡತೆ ಮಾಡಿದ ಏಜಂಟನಿಗೆ ಆ ಕೆಲಸದ ಕಮಿಶನ್ನು ಕೇಳುವ ಹಕ್ಕಿಲ್ಲವೆಂಬುದು 220ನೆಯದು. ಬ್ರಿಟಿಷರ ಕಾಲದ ಕಾಯಿದೆ, ಇಂದಿಗೂ ಜಾರಿಯಲ್ಲಿದೆ.

ಹೊಸ ಕಾಯಿದೆಯೂ ಇದೆ. 2016ರ ರೇರಾ ಕಾಯಿದೆಯ ಪ್ರಕಾರ, ನೋಂದಾಯಿತ ಯೋಜನೆಯ ಪ್ಲಾಟು, ಫ್ಲ್ಯಾಟುಗಳನ್ನು ಮಾರಿಸುವ ಏಜಂಟನು ತಾನೂ ನೋಂದಣಿ ಮಾಡಿಸಬೇಕು. 2023ರಲ್ಲಿ ಮಹಾರೇರಾ ಏಜಂಟರಿಗೆ ತರಬೇತಿ, ಪರೀಕ್ಷೆಗಳನ್ನೂ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಭಟ್ಟರಂಥವರ ಹಳೆಯ ತಗಡಿನ ಮನೆಯ ಮರುಮಾರಾಟ ಆ ಕಾಯಿದೆಯ ಬಲೆಗೆ ಬೀಳುವುದಿಲ್ಲ. ಗೋಡೆಯ ಮೇಲೆ ತೂಗುಹಾಕಿದ ನೋಂದಣಿ ನಂಬರು ನೋಡಿ ನಾವು ನೆಮ್ಮದಿಯಿಂದ ಸಹಿ ಹಾಕುತ್ತೇವೆ, ನಮ್ಮ ವ್ಯವಹಾರಕ್ಕೂ ಆ ನಂಬರಿಗೂ ಸಂಬಂಧವೇ ಇರುವುದಿಲ್ಲ.

ದಲ್ಲಾಳಿಯು ಸ್ವಂತಕ್ಕೆ ಜಾಗ ಕೊಳ್ಳಲೇಬಾರದು ಎಂಬುದು ನಮ್ಮ ವಾದವಲ್ಲ. ಅವನಿಗೂ ಹೊಟ್ಟೆಯಿದೆ, ಮಕ್ಕಳಿದ್ದಾರೆ. ಅಡಿಗೆಯವರು ತಾವು ಮಾಡಿದ್ದನ್ನು ತಾವೇ ಉಂಡರೆ ಗಿರಾಕಿಗೂ ಧೈರ್ಯ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಲೈಸೆನ್ಸ್ ಪಡೆದ ಏಜಂಟನು ತನಗಾಗಿ ಕೊಳ್ಳುವಾಗ ತಾನು ಏಜಂಟನೆಂಬುದನ್ನು ಎದುರಿನವನಿಗೆ ತಿಳಿಸಲೇಬೇಕು. ನಾವು ಕೇಳುವುದೂ ಅಷ್ಟನ್ನೇ. “ಭಟ್ಟರೇ, ಈ ಜಾಗ ನನ್ನ ಮನೆಯವರಿಗೇ ಬೇಕು, ಪೇಟೆಯಲ್ಲಿ ದರ ಇಷ್ಟು ನಡೆದಿದೆ, ಬೇಕಾದರೆ ಬೇರೆಯವರನ್ನು ಕೇಳಿ ಬನ್ನಿ” ಎಂದು ಮೊದಲೇ ಹೇಳಿ ಕಾಗದದ ಮೇಲೆ ಬರೆದುಕೊಟ್ಟಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ತಕ್ಕಡಿಯ ಎರಡೂ ತಟ್ಟೆಗಳನ್ನು ಹಿಡಿದವನು ಕೈ ತೋರಿಸಲಿ.

ಇನ್ನೊಂದು ಮಾತು, ಹೇಳಲು ನಾಚಿಕೆಯಾಗುತ್ತದೆ. ಆ ದಲ್ಲಾಳಿ ಕನ್ನಡದವನೇ. ಮರಾಠಿ ಕಾಗದ ಓದಲು ಬಾರದ ಭಟ್ಟರು, ನಮ್ಮ ಭಾಷೆಯವನು ಎಂದೇ ನಂಬಿದ್ದು. ರಾಜ್ಯೋತ್ಸವಕ್ಕೆ ಅವನು ಕೊಟ್ಟ ವಂತಿಗೆಯನ್ನು ನಾವು ರಸೀದಿ ಹರಿದು ಪಡೆದಿದ್ದೇವೆ. ಅವನ ಜಾಹೀರಾತು ಇದೇ ಪತ್ರಿಕೆಯಲ್ಲಿ ಎರಡು ಸಲ ಬಂದಿದೆ. ನಮ್ಮ ಪತ್ರಿಕೆಯಲ್ಲಿ ನೋಡಿಯೇ ಅವನ ಹತ್ತಿರ ಹೋದೆವೆಂದು ಭಟ್ಟರು ಹೇಳಿದಾಗ ನಮ್ಮಲ್ಲಿ ಯಾರೂ ತಲೆಯೆತ್ತಲಿಲ್ಲ. ಅಷ್ಟೇ ಅಲ್ಲ, ನಮ್ಮ ಸದಸ್ಯರಲ್ಲೂ ಕೆಲವರು ಗಲ್ಲಾ ಬಿಟ್ಟು, ಗಿರಣಿ ಬಿಟ್ಟು ಈಗ ಜಾಗ ತೋರಿಸುವ ಕೆಲಸಕ್ಕೆ ಇಳಿದಿದ್ದಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಕಾರ್ಯಕಾರಿ ಸಮಿತಿಯಲ್ಲಿ ಕೂತು ಸದಸ್ಯರ ಜಾಗದ ವ್ಯವಹಾರದಲ್ಲಿ ಕಮಿಶನ್ನು ತೆಗೆದುಕೊಳ್ಳುವವರು ಅದನ್ನು ಸಮಿತಿಯ ಪುಸ್ತಕದಲ್ಲಿ ಬರೆದಿಡಬೇಕೆಂದು ಬರುವ ಸಾಮಾನ್ಯ ಸಭೆಯಲ್ಲಿ ಠರಾವು ತರುತ್ತೇವೆ. ವಿರೋಧ ಬರುತ್ತದೆಂದು ಗೊತ್ತು. ಯಾರಿಂದ ಬರುತ್ತದೆಂಬುದೂ ಗೊತ್ತು.

ಭಟ್ಟರು ಇನ್ನೂ ಊರಿಗೆ ಹೋಗಿಲ್ಲ, ಆಂಬೇಗಾವದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾರೆ. ಇಂಥ ಪತ್ರವನ್ನು ರದ್ದುಮಾಡಿಸುವ ದಾವೆಗೆ ಮೋಸ ಗೊತ್ತಾದ ದಿನದಿಂದ ಮೂರು ವರ್ಷದ ಅವಧಿಯಿದೆ. ಜಾಗ ಈಗ ಮತ್ತೊಬ್ಬರ ಕೈ ಸೇರಿರುವುದರಿಂದ ಅದೇ ತಿರುಗಿ ಬಂದೀತೆಂದು ನಾವು ಆಸೆ ತೋರಿಸಲಾರೆವು. ದಲ್ಲಾಳಿ ಹೊಡೆದ ಲಾಭವನ್ನಾದರೂ ಕಕ್ಕಿಸಬೇಕೆಂದು ವಕೀಲರ ಮುಂದೆ ಕಾಗದಗಳನ್ನು ಇಟ್ಟಿದ್ದೇವೆ. ಜಾಗ ಮಾರುವ, ಕೊಳ್ಳುವ ಸದಸ್ಯರು ಇಸಾರಕ್ಕೆ ಸಹಿ ಹಾಕುವ ಮುಂಚೆ ಸಾತ್‌ಬಾರಾ ಉತಾರ, ಪಕ್ಕದ ಜಾಗಗಳ ಇಂಡೆಕ್ಸ್ ಟೂ ಹಿಡಿದುಕೊಂಡು ರವಿವಾರ ಮಧ್ಯಾಹ್ನ, ಹೋಟೆಲಿನ ಊಟದ ಗಲಾಟೆ ಮುಗಿದ ಮೇಲೆ, ಸಂಘದ ಆಫೀಸಿಗೆ ಬರಬೇಕು. ಓದಿ ಹೇಳಲು ನಾವಿದ್ದೇವೆ. ಅದಕ್ಕೆ ಕಮಿಶನ್ನಿಲ್ಲ.